ಇಂಗ್ಲೆಂಡಿನಲ್ಲಿ ತೀರಿಹೋದ ನಮ್ಮತ್ತೆ

ನಮ್ಮ ಮನೆಯವರು ಸಭೆಯಲ್ಲಿ ಕೈ ಎತ್ತಿದ್ದು ಹೊರಗೆ ಹೋಗಲು ಅಪ್ಪಣೆ ಕೇಳುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ನಮ್ಮೂರು ನ್ಯಾಮತಿಯಲ್ಲಿ ಆ ಕೈಗೆ ಬೇರೆ ಬೇರೆ ಅರ್ಥ ಹುಟ್ಟಿಕೊಂಡವು.

ಅದು ಮಗಳ ಹೈಸ್ಕೂಲಿನ ಪೋಷಕರ ಸಭೆ. ಬೇಸಿಗೆ ರಜೆ ಶುರುವಾಗುವುದರಲ್ಲಿತ್ತು. ಇಂಗ್ಲಿಷ್ ಮೇಷ್ಟ್ರು ರೇಣುಕಪ್ರಸಾದ್ ಅವರು ಪ್ರತಿ ಮಗುವಿಗೂ ಒಂದೊಂದು ಇಂಗ್ಲಿಷ್ ಕತೆ ಪುಸ್ತಕ ಹಂಚಿ, ರಜೆಯಲ್ಲಿ ಅದನ್ನು ಪೂರ್ತಿ ಓದಿ ಮುಗಿಸಬೇಕೆಂದು ಹೇಳಿದರು. "ಆದರೆ ತಂದೆ ತಾಯಿ ಮೊಬೈಲ್ ಹಿಡ್ಕೊಂಡು ಕೂತ್ರೆ ಮಕ್ಕಳು ಪುಸ್ತಕ ಹಿಡಿತಾರಾ? ಮಗುವಿನ ಜೊತೆ ಅದೇ ಪುಸ್ತಕ ಓದೋ ಪೋಷಕರು ಯಾರಿದ್ದೀರಿ, ಕೈ ಎತ್ತಿ" ಎಂದರು. ಕೊಠಡಿ ಗಪ್‌ಚಿಪ್ ಆಯಿತು. ನಮ್ಮವರ ಮನಸ್ಸು ಅಷ್ಟೊತ್ತಿಗೆ ಅಂಗಡಿಯಲ್ಲಿ ವಾರ್ನಿಷ್ ಹಚ್ಚಿ ಒಣಗಲು ಇಟ್ಟಿದ್ದ ಪಂಪ್‌ಸೆಟ್ ಮೋಟರಿನ ಮೇಲಿತ್ತು. ಎಲ್ಲರೂ ಸುಮ್ಮನಿರುವಾಗ ಕೇಳುವುದೇ ಸರಿ ಎಂದು ಕೈ ಎತ್ತಿದರು. ಚಪ್ಪಾಳೆ ಬಿತ್ತು. ಮೇಷ್ಟ್ರು ಮುಂದಕ್ಕೆ ಕರೆದು, ಪುಸ್ತಕ ಹಿಡಿಸಿ, ಫೋಟೊ ತೆಗೆದು, ಅಲ್ಲೇ ಶಾಲೆಯ ಗ್ರೂಪಿಗೆ ಹಾಕಿಬಿಟ್ಟರು: "ಮಾದರಿ ತಂದೆ ಹಾಲೇಶಪ್ಪನವರು."

"ಕೈ ಇಳಿಸಬಾರದಾಗಿತ್ತೇನ್ರೀ?" ಎಂದೆ ಮನೆಗೆ ಬಂದಮೇಲೆ.

"ಹೆಂಗೆ ಇಳಿಸ್ಲಿ ಸುನೀತಾ? ಚಪ್ಪಾಳೆ ತಟ್ಟಿಬಿಟ್ರಲ್ಲ."

ಇವರ ಇಂಗ್ಲಿಷನ್ನು ನಾನು ಹಗುರ ಮಾಡುವುದಿಲ್ಲ. ಮೋಟರಿನ ಮೈಮೇಲೆ ಅಂಟಿಸಿದ ತಗಡಿನಲ್ಲಿ ಎಷ್ಟು ಇಂಗ್ಲಿಷ್ ಇರುತ್ತದೋ ಅಷ್ಟನ್ನೂ ಸರಾಗ ಓದುತ್ತಾರೆ. ಅದಕ್ಕಿಂತ ಉದ್ದದ ಇಂಗ್ಲಿಷಿನ ಜೊತೆ ಅವರಿಗೆ ಜಗಳವೂ ಇಲ್ಲ, ಒಡನಾಟವೂ ಇಲ್ಲ.

ಮಗಳು ಸಿಂಚನಾ ಪುಸ್ತಕವನ್ನು ನಾಲ್ಕಾರು ದಿನದಲ್ಲಿ ಓದಿ ಎಸೆದಳು. ತಲೆ ಬಾಚಿಸಿಕೊಳ್ಳುತ್ತ ನನಗೆ ಕತೆಯನ್ನೂ ಹೇಳಿದಳು. ಸಮುದ್ರದ ದಂಡೆಯ ಊರು, ಇಬ್ಬರು ಗೆಳೆಯರು. ಬಲೆಗೆ ಸಿಕ್ಕಿ ಕಾಲು ಗಾಯವಾದ ಒಂದು ಆಮೆ ಅವರಿಗೆ ಸಿಗುತ್ತದೆ. ಕದ್ದುಮುಚ್ಚಿ ಸಾಕಿ, ವಾಸಿಯಾದ ಮೇಲೆ ನೀರಿಗೆ ಬಿಡುತ್ತಾರೆ.

"ಅಷ್ಟೇನಾ?"

"ಅಷ್ಟೇ. ಆದ್ರೆ ಚೆನ್ನಾಗೈತಮ್ಮ" ಎಂದವಳು ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟು, "ಓದಪ್ಪ, ಸರ್ ಕೇಳ್ತಾರೆ" ಎಂದು ಎಚ್ಚರಿಸಿ, ರಜೆ ಕಳೆಯಲು ತ್ಯಾವಣಿಗೆಗೆ, ನನ್ನ ತವರಿಗೆ ಹೊರಟುಹೋದಳು.

ನಮ್ಮ ಮೋಟರ್ ವೈಂಡಿಂಗ್ ಅಂಗಡಿ ಇರುವುದು ಮನೆಯ ಮುಂಭಾಗದಲ್ಲೇ. ಅಂಗಡಿಗೂ ನನ್ನ ಅಡುಗೆಮನೆಗೂ ನಡುವೆ ಒಂದು ಗೋಡೆ, ಗೋಡೆಗೆ ಒಂದು ಕಿಟಕಿ. ಬೇಸಿಗೆಯಲ್ಲಿ ಮೋಟರುಗಳು ಸಾಲಾಗಿ ಸುಡುತ್ತವೆ. ಸುಟ್ಟ ಮೋಟರ್ ತಂದವರು ಹೊಸ ತಂತಿಯ ಕಾಯಿಲ್ ಸುತ್ತಿ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತು, ಹೊತ್ತು ಹೋಗದೆ ಕಷ್ಟಪಡುತ್ತಾರೆ. ಅಂಥವರ ಎದುರಿಗೆ ನಮ್ಮವರು ಒಂದು ಮಧ್ಯಾಹ್ನ ಆ ಪುಸ್ತಕ ಹಿಡಿದು ಕೂತರು. ಮಗಳು ಕೇಳಿದರೆ ಹಿಡಿದಿದ್ದೆ ಎಂದಾದರೂ ಹೇಳಬಹುದಲ್ಲ ಎಂಬ ಪ್ರಾಮಾಣಿಕತೆ.

ಗೋವಿನಕೋವಿಯ ಜುಂಜಪ್ಪ ಬೆಂಚಿನ ಮೇಲಿದ್ದ. ಅವನಿಗೆ ಕುತೂಹಲ ಬಂದರೆ ಉತ್ತರ ಸಿಗುವವರೆಗೆ ಎಲೆಡಿಕೆಯೂ ರುಚಿಸದು.

"ಏನ್ ಬರ್ದೈತೆ ಹಾಲೇಶಣ್ಣ ಅದರಾಗೆ?"

ನಮ್ಮವರು ರಟ್ಟು ನೋಡಿದರು. ನೀಲಿ ಸಮುದ್ರ, ಒಂದು ದೋಣಿ, ದೋಣಿಯಲ್ಲಿ ಇಬ್ಬರು ಹುಡುಗರು.

"ಇಬ್ರು ಅಣ್ಣ ತಮ್ಮ ಇರ್ತಾರೆ."

"ಆಮೇಲೆ?"

"ಒಬ್ಬಳು ತಾಯಿ ಇರ್ತಾಳೆ."

"ತಾಯಿ ದೋಣಿಯಾಗೆ ಕಾಣಲ್ಲ."

"ಮನೆಯಾಗೆ ಇರ್ತಾಳೆ. ವಯಸ್ಸಾಗೈತೆ."

ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು. ಮುಂದೇನು ಬರುತ್ತದೆಂದು ಗೊತ್ತಾಗಿಹೋಯಿತು.

ನಮ್ಮತ್ತೆ ಸಿದ್ದಲಿಂಗಮ್ಮ ತೀರಿಕೊಂಡದ್ದು ಕೆಲವು ವರ್ಷದ ಹಿಂದೆ, ಇಂಥದೇ ಬಿಸಿಲಿನಲ್ಲಿ, ಇದೇ ಮನೆಯಲ್ಲಿ. ಇವರ ತಮ್ಮ ಬಸವರಾಜ್ ಜಗಳೂರಿನಲ್ಲಿ ಲೈನ್‌ಮನ್. ಅವತ್ತು ಯಾವುದೋ ಹಳ್ಳಿಯಲ್ಲಿ ಕಂಬದ ಮೇಲಿದ್ದ, ಫೋನು ಕೆಳಗೆ ಚೀಲದಲ್ಲಿತ್ತು. ಸುದ್ದಿ ಮುಟ್ಟಿದ್ದೇ ತಡವಾಗಿ. ಎರಡು ಬಸ್ಸು ಬದಲಿಸಿ ಬರಬೇಕು. ಇತ್ತ ಹೊತ್ತು ಇಳಿಯುತ್ತಿತ್ತು. ಹಿರಿಯರು ಹೊತ್ತು ಮುಳುಗೋದ್ರೊಳಗೆ ಮಣ್ಣಾಗಬೇಕು ಎಂದರು. ನಮ್ಮವರು "ತಮ್ಮ ಬರ್ಲಿ" ಎಂದು ಒಂದು ಸಲ ಅಂದರು, ಇನ್ನೊಂದು ಸಲ ಅನ್ನಲಿಲ್ಲ. ಬಸವರಾಜ್ ಬಸ್ ಸ್ಟ್ಯಾಂಡಿನಿಂದ ಓಡಿ ಬರುವಾಗ ಜನ ತೋಟದಲ್ಲಿ ಮಣ್ಣು ಮಾಡಿ ವಾಪಸು ಬಂದು ಕಾಲು ತೊಳೆಯುತ್ತಿದ್ದರು. "ಮುಖಾನೂ ಇಟ್ಕೊಳ್ಳಲಿಲ್ವೇನಣ್ಣ" ಎಂದು ಕೇಳಿದ. ಅದೇ ಕೊನೆಯ ಮಾತು. ಸತ್ತವರ ಮುಖ ನೋಡದಿದ್ದರೆ ನಮ್ಮ ಕಡೆ ಆ ಸಾವು ಮುಗಿಯುವುದಿಲ್ಲ. ಅಂದಿನಿಂದ ಅಣ್ಣ ತಮ್ಮ ಒಂದೇ ಮದುವೆಗೆ ಹೋದರೂ ಬೇರೆ ಬೇರೆ ಪಂಕ್ತಿಯಲ್ಲಿ ಉಂಡು ಬರುತ್ತಾರೆ.

ಈಗ ಅದೆಲ್ಲ ಇಂಗ್ಲೆಂಡಿನಲ್ಲಿ ನಡೆಯತೊಡಗಿತು. ಇಂಗ್ಲಿಷ್ ಪುಸ್ತಕ ಎಂದಮೇಲೆ ಊರು ಇಂಗ್ಲೆಂಡೇ ಆಗಿರಬೇಕೆಂದು ಬೆಂಚು ತಾನಾಗಿ ತೀರ್ಮಾನಿಸಿತ್ತು, ನಮ್ಮವರು ಅಡ್ಡ ಹೇಳಲಿಲ್ಲ. ತಮ್ಮನಾದವನು ಸಮುದ್ರದಲ್ಲಿ ದೀಪದ ಕಂಬ ರಿಪೇರಿ ಮಾಡುವವನು.

"ಸಮುದ್ರದಾಗೆ ಕಂಬ ಹೆಂಗೆ ನೆಡ್ತಾರ್ರೀ?" ಎಂದ ಜುಂಜಪ್ಪ.

"ಅವರ ಹತ್ರ ಮಿಷನ್ ಐತೆ."

ತಾಯಿ ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿ, ಬಾಗಿಲಲ್ಲಿ ಕೂತು ಎಲೆಡಿಕೆ ಹಾಕಿಕೊಳ್ಳುತ್ತಿದ್ದಳು ಎಂದು ಒಂದು ದಿನ ಇವರು ಹೇಳಿಬಿಟ್ಟರು. ಬೆಂಚು ಸ್ವಲ್ಪ ಅಲುಗಾಡಿತು.

"ಇಂಗ್ಲೆಂಡಿನ ಮುದುಕಿ ಎಲೆಡಿಕೆ ಹಾಕ್ತಾಳಾ?"

"ಅಡಿಕೆ ಹೋಗೋದು ನಮ್ಮ ಕಡೆಯಿಂದಾನೇ ಅಲ್ವೇನು" ಎಂದರು. ಅಡಿಕೆ ಬೆಳೆದವರೇ ತುಂಬಿದ್ದ ಬೆಂಚು ಹೆಮ್ಮೆಯಿಂದ ತಲೆಯಾಡಿಸಿತು. ವಿಭೂತಿಯ ವಿಷಯ ಯಾರೂ ಎತ್ತಲಿಲ್ಲ.

ನಾನು ಊಟಕ್ಕೆ ಬಡಿಸುತ್ತ ಮೆಲ್ಲಗೆ ಹೇಳಿ ನೋಡಿದೆ. "ರೀ, ಆ ಪುಸ್ತಕದಲ್ಲಿ ಆಮೆ ಬರ್ತದಂತೆ."

"ಬರ್ತದೆ" ಎಂದರು ತಟ್ಟೆ ನೋಡುತ್ತ. "ಮುಂದೆ ಬರ್ತದೆ."

ನಾನು ಹೆಚ್ಚು ಒತ್ತಾಯಿಸಲಿಲ್ಲ. ಮನೆಯಲ್ಲಿ ಎಂದೂ ಅತ್ತೆಯ ಹೆಸರೆತ್ತದ ಮನುಷ್ಯ ದಿನಾ ಮಧ್ಯಾಹ್ನ ಅವರ ವಿಭೂತಿ, ಅವರ ಕೆಮ್ಮು, ಅವರು ಸೊಸೆಯನ್ನು ಬೈಯುತ್ತಿದ್ದ ರೀತಿ ಎಲ್ಲವನ್ನೂ ಬೆಂಚಿಗೆ ಹೇಳುತ್ತಿದ್ದರು. ಇಂಗ್ಲೆಂಡಿನ ಸೊಸೆ ತುಂಬ ತಾಳ್ಮೆಯವಳು ಎಂದು ಒಮ್ಮೆ ಕಿಟಕಿಯ ಕಡೆ ತಿರುಗಿ ಹೇಳಿದ್ದೂ ನನಗೆ ಕೇಳಿಸಿತು. ಇಂಥ ಪುಸ್ತಕವನ್ನು ಯಾಕೆ ನಿಲ್ಲಿಸಲಿ?

ಜನ ಹೆಚ್ಚಿದರು. ಮೋಟರ್ ಸಿದ್ಧವಾದರೂ ಜುಂಜಪ್ಪ ಒಯ್ಯಲಿಲ್ಲ, "ಇನ್ನೊಂದ್ಸಲ ಚೆಕ್ ಮಾಡ್ರಿ" ಎಂದು ಅಲ್ಲೇ ಬಿಟ್ಟ. ಅವನ ತೋಟಕ್ಕೆ ಪಕ್ಕದವನ ಬಾವಿಯಿಂದ ನೀರು ಹಾಯುತ್ತಿತ್ತು. ಎದುರುಮನೆಯಾಕೆ ಕೆಡದ ಮಿಕ್ಸಿ ತಂದು ಕೂತಳು. ಅದು ಕೆಟ್ಟಿಲ್ಲ ಎಂದರೆ, "ಕೆಡಂಗೈತೆ, ಇರ್ಲಿ ಇಟ್ಕೊಳ್ರಿ" ಎಂದಳು. ಕತೆ ತಾಯಿಯ ಸಾವಿಗೆ ಬಂದು ನಿಂತಿತ್ತು. ತಮ್ಮ ಹಡಗಿನಲ್ಲಿ ಹೊರಟಿದ್ದಾನೆ. ಊರ ಹಿರಿಯರು ಹೆಣ ಎತ್ತಿ ಎನ್ನುತ್ತಿದ್ದಾರೆ.

"ಅಲ್ಲೂ ಹಿರಿಯರು ಇರ್ತಾರೇನ್ರೀ?"

"ಎಲ್ಲ ಕಡೆ ಇರ್ತಾರೆ."

"ಅಣ್ಣ ಏನಂದ? ಕಾಯ್ತಾನಾ ಇಲ್ವಾ?"

"ಅಲ್ಲಿವರೆಗೂ ಓದಿಲ್ಲ" ಎಂದು ನಮ್ಮವರು ಪುಸ್ತಕ ಮುಚ್ಚಿದರು. ಮರುದಿನವೂ ಅದನ್ನೇ ಅಂದರು. ಅದರ ಮರುದಿನವೂ. ಇಂಗ್ಲೆಂಡಿನ ಆ ಹೊತ್ತು ಮುಳುಗದೆ ಹಾಗೇ ನಿಂತುಬಿಟ್ಟಿತು.

ಅಷ್ಟರಲ್ಲಿ ಚನ್ನಗಿರಿಯಿಂದ ಇವರ ಅಕ್ಕ ಬಂಗಾರಮ್ಮ ಉಪ್ಪಿನಕಾಯಿಗೆಂದು ಒಂದು ಚೀಲ ಮಾವಿನಕಾಯಿ ಹೊರಿಸಿಕೊಂಡು ಬಂದರು. ನಾನು ಒಳಗೆ ಕಾಯಿ ಹೆಚ್ಚುತ್ತಿದ್ದೆ, ಅವರು ಗಾಳಿಗೆಂದು ಹೊರಗೆ ಕೂತು ಪೂರ್ತಿ ಕತೆಯನ್ನು ಮೊದಲಿಂದ ಹೇಳಿಸಿಕೊಂಡರು. ಕಣ್ಣು ಮೂಗು ಒರೆಸಿಕೊಳ್ಳುತ್ತ ಒಳಗೆ ಬಂದರು.

"ಅವ್ವನ ವಿಷಯ ಪ್ರಿಂಟ್ ಮಾಡಿದಾರಲ್ಲೇ ಸುನೀತಾ."

"ಇಲ್ಲಕ್ಕ, ಅದು ಇವರೇ…"

"ಏನ್ ಇವರೇ? ನನ್ ತಮ್ಮಂಗೆ ಕತೆ ಕಟ್ಟಾಕೆ ಬರ್ತದಾ? ಸಣ್ಣೋನಿದ್ದಾಗ ಬೆಲ್ಲ ಕದ್ದು, ಯಾರು ಅಂತ ಕೇಳೋದ್ರೊಳಗೆ ನಾನೇ ಅಂದೋನು. ಅವನು ಹೇಳ್ತಾನೆ ಅಂದ್ರೆ ಪುಸ್ತಕದಾಗೆ ಐತೆ."

ನಿಜ ಹೇಳಬೇಕೆಂದರೆ ನನ್ನ ಗಂಡನ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಆಡಿಲ್ಲ. ನಾನು ಉಪ್ಪು ಹಾಕುವುದರೊಳಗೆ ಅಕ್ಕ ಜಗಳೂರಿಗೆ ಫೋನು ಹಚ್ಚಿಬಿಟ್ಟಿದ್ದರು. "ಬಸವರಾಜ, ನೀನು ಮುಖ ನೋಡದೇ ಹೋಗಿದ್ದು ಇಂಗ್ಲಿಷಿನಾಗೆ ಬಂದೈತೆ ಕಣೋ. ಹೈಸ್ಕೂಲ್ ಹುಡುಗ್ರೆಲ್ಲ ಓದ್ತಾವಂತೆ."

ಬಸವರಾಜ್ ಅಣ್ಣನಿಗೆ ಫೋನು ಮಾಡುವವನಲ್ಲ. ಹೊನ್ನಾಳಿಯ ಶಿಕ್ಷಣ ಇಲಾಖೆಯ ಕಚೇರಿಗೆ ಮಾಡಿದ. ನಮ್ಮ ಮನೆಯ ಸಾವನ್ನು ಮಕ್ಕಳ ಪಾಠಕ್ಕಿಡಲು ಅನುಮತಿ ಕೊಟ್ಟವರು ಯಾರು ಎಂದು ಕೇಳಿದನಂತೆ. ಕಚೇರಿಯವರಿಗೆ ಯಾವ ಪುಸ್ತಕ, ಯಾವ ಸಾವು ಒಂದೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯ ಬಂದಾಗ ಕಚೇರಿ ಏನು ಮಾಡಬೇಕೋ ಅದನ್ನು ಮಾಡಿತು, ಕೆಳಗಿನವರಿಗೆ ದಾಟಿಸಿತು. ಸುಡುಬಿಸಿಲಲ್ಲಿ ರೇಣುಕಪ್ರಸಾದ್ ಮೇಷ್ಟ್ರು ಸ್ಕೂಟರಿನಲ್ಲಿ ಬಂದಿಳಿದರು.

"ಹಾಲೇಶಪ್ಪನವರೇ, ಆ ಪುಸ್ತಕದ ಸಾರಾಂಶ ಸ್ವಲ್ಪ ಹೇಳ್ರಿ."

"ನೀವೇ ಕೊಟ್ಟ ಪುಸ್ತಕ ಅಲ್ವಾ ಸರ್?"

"ಕೊಟ್ಟೋನು ನಾನೇ. ಆದರೆ ಓದುಗರ ದೃಷ್ಟಿಯಿಂದ ಕೇಳೋದು ಬೇರೆ."

ಪಾಪ, ಯಾರೋ ಪುಣ್ಯಾತ್ಮರು ಶಾಲೆಗೆ ದಾನ ಕೊಟ್ಟ ಪೆಟ್ಟಿಗೆಯಿಂದ ತೆಳ್ಳಗಿದ್ದವನ್ನು ಆರಿಸಿ ಹಂಚಿದ್ದರು. ಅಷ್ಟನ್ನೂ ಓದಲು ಅವರಿಗೇನು ರಜೆಯಿತ್ತೇ? ನಮ್ಮವರು ಓದಿದ್ದಾರೆಂದು ಮೇಷ್ಟ್ರು ನಂಬಿದ್ದರು, ಮೇಷ್ಟ್ರು ಓದಿಯೇ ಇರುತ್ತಾರೆಂದು ನಮ್ಮವರು ಹೆದರಿದ್ದರು. ಪುಸ್ತಕ ಇಬ್ಬರ ನಡುವೆ ಮುಚ್ಚಿಕೊಂಡು ಕೂತಿತ್ತು. ನಮ್ಮವರು ಕಣ್ಣು ಕೆಳಗೆ ಹಾಕಿ ಹೇಳಿದರು, ತಾಯಿ, ಕಂಬ, ಹಡಗು, ಹೊತ್ತು. ಮೇಷ್ಟ್ರು ಕರ್ಚೀಫು ತೆಗೆದು ಮೊದಲು ಬೆವರನ್ನೂ ಆಮೇಲೆ ಕಣ್ಣನ್ನೂ ಒರೆಸಿಕೊಂಡರು. "ಸೂಕ್ಷ್ಮ ವಿಷಯ" ಎಂದು ಗೊಣಗಿ ಹೋದರು. ಹೊನ್ನಾಳಿಗೆ, ಪುಸ್ತಕದಲ್ಲಿ ಕುಟುಂಬದ ದುಃಖ ಇರುವುದು ನಿಜ, ಆದರೆ ಬಹಳ ಸಾಹಿತ್ಯಕವಾಗಿದೆ ಎಂದು ತಿಳಿಸಿದರಂತೆ. ಹೊನ್ನಾಳಿಯವರು ಅದನ್ನು ಜಗಳೂರಿಗೆ ತಿಳಿಸಿದರು. ಹೀಗೆ ನಮ್ಮತ್ತೆ ಇಂಗ್ಲೆಂಡಿನಲ್ಲಿ ತೀರಿಹೋದದ್ದು ಕಚೇರಿಯ ಮಟ್ಟದಲ್ಲಿ ಖಚಿತವಾಯಿತು.

ಬಂಗಾರಮ್ಮಕ್ಕ ಸುದ್ದಿ ತಂದರು. "ಭಾನುವಾರ ಬರ್ತಾನಂತೆ. ಎಲ್ಲರ ಎದುರಿಗೇ ಪುಸ್ತಕ ಓದಿಸ್ತಾನಂತೆ. ಬರ್ದೋನ ಅಡ್ರೆಸ್ ಬೇಕಂತೆ."

"ಬರ್ತಾನಂತಾ? ಇಲ್ಲಿಗಾ?" ಎಂದರು ನಮ್ಮವರು.

"ಜಗಳಕ್ಕೆ ಬರ್ತಾನೋ ಮಂಕೆ."

"ಬರ್ಲಿ."

ಶನಿವಾರ ಕ್ಷೌರ ಮಾಡಿಸಿಕೊಂಡು ಬಂದರು. ಅಂಗಡಿಯ ಮುಂದಿನ ತಂತಿ ಚೂರುಗಳನ್ನೆಲ್ಲ ಗುಡಿಸಿದರು. ನನ್ನ ಬಳಿ ಬಂದು, "ಅವನಿಗೆ ಬದನೇಕಾಯಿ ಎಣಗಾಯಿ ಅಂದ್ರೆ ಇಷ್ಟ" ಎಂದರು.

"ಜಗಳಕ್ಕೆ ಬರೋರಿಗೆ ಎಣಗಾಯಿ ಮಾಡ್ತಾರೇನ್ರೀ?"

"ಜಗಳಾನೇ ಆಡ್ಲಿ ಸುನೀತಾ. ನನ್ ಜೊತೆ ಏನೂ ಆಡಿಲ್ವಲ್ಲ ಅವನು, ಇಷ್ಟು ದಿನ."

"ನೀವೇನು ಹೇಳ್ತೀರಿ ಅವನಿಗೆ?"

"ಹೇಳ್ತೀನಿ" ಎಂದರು. ಏನೆಂದು ಅವರಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಂಚು ಬೆಳಿಗ್ಗೆಯೇ ತುಂಬಿತ್ತು. ಯಾರ ಕೈಯಲ್ಲೂ ಮೋಟರಿರಲಿಲ್ಲ, ನೆಪಕ್ಕೂ ಇರಲಿಲ್ಲ. ಮೇಷ್ಟ್ರು ಬಂದರು, ಬಂಗಾರಮ್ಮಕ್ಕನೂ ಇದ್ದರು. ಮಗಳನ್ನು ತ್ಯಾವಣಿಗೆಯಿಂದ ನಾನೇ ಹೋಗಿ ಕರೆತಂದಿದ್ದೆ. ಬಸವರಾಜ್ ಬಂದವನು ಅಂಗಳದಲ್ಲೇ ನಿಂತ. ತಲೆ ಅರ್ಧ ನರೆತಿತ್ತು. ನೀರಿನ ಚೊಂಬು ಹಿಡಿದು ಹೋದೆ.

"ಬಾರಪ್ಪ, ಒಳಗೆ ಬಾ."

"ಬೇಡ ಅತ್ತಿಗೆ. ಮೊದ್ಲು ಪುಸ್ತಕ."

ಅಣ್ಣನ ಕಡೆ ನೋಡಲಿಲ್ಲ. ಬೆಂಚಿನ ಮೇಲಿದ್ದ ಪುಸ್ತಕವನ್ನು ಸಿಂಚನಾಳ ಕೈಗೆ ಕೊಟ್ಟು, "ಏನೈತೋ ಅದನ್ನೇ ಓದಮ್ಮ. ಯಾರ ಮುಲಾಜೂ ಬೇಡ" ಎಂದ.

ಮಗಳು ಒಮ್ಮೆ ಅಪ್ಪನನ್ನು ನೋಡಿದಳು. ದಾರಿಯಲ್ಲಿ ನಾನು ಎಲ್ಲ ಹೇಳಿದ್ದೆ, ಹೀಗೆ ಓದು ಹಾಗೆ ಓದು ಎಂದು ಮಾತ್ರ ಹೇಳಿರಲಿಲ್ಲ. ಅವಳು ಒಂದು ಸಾಲು ಇಂಗ್ಲಿಷ್ ಓದಿ, ಅದನ್ನೇ ಕನ್ನಡದಲ್ಲಿ ಹೇಳುತ್ತ ಹೋದಳು. ಇಬ್ಬರು ಗೆಳೆಯರು. ದಂಡೆ. ಬಲೆ. ಆಮೆ.

"ಆಮೆ?" ಎಂದ ಬಸವರಾಜ್.

"ಹೂಂ ಚಿಕ್ಕಪ್ಪ, ಆಮೆ."

"ಅಣ್ಣ ತಮ್ಮ?"

"ಇಲ್ಲ. ಗೆಳೆಯರು. ಒಬ್ಬನ ಅಪ್ಪ ಮೀನು ಹಿಡಿತಾನೆ."

"ಮುದುಕಿ ಯಾರೂ ಇಲ್ವಾ?"

"ಒಬ್ಬಳು ಇದಾಳೆ. ಬ್ರೆಡ್ ಮಾರ್ತಾಳೆ. ಸಾಯಲ್ಲ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. "ಹೌದೌದು" ಎಂದರು ರೇಣುಕಪ್ರಸಾದ್ ಅವರು ಗಂಭೀರವಾಗಿ. "ಆಮೆಯ ಪಾತ್ರಪೋಷಣೆ ಚೆನ್ನಾಗಿದೆ."

ಬಸವರಾಜ್ ಜಗುಲಿಯ ಅಂಚಿಗೆ ಕೂತ. ಮಗಳು ಮುಂದೆ ಓದಿದಳು. ಸ್ವಲ್ಪ ಹೊತ್ತಿಗೆ, "ಬದುಕ್ತದಾ ಅದು?" ಎಂದು ಕೇಳಿದ. ಬದುಕುತ್ತದೆ, ನೀರಿಗೆ ಬಿಡುತ್ತಾರೆ ಎಂದಾಗ ನಕ್ಕ. ಬೆಂಚೂ ನಕ್ಕಿತು. ಬಂಗಾರಮ್ಮಕ್ಕನಿಗೆ ವಯಸ್ಸಾಯಿತು, ಯಾವುದಕ್ಕೋ ಯಾವುದನ್ನೋ ಸೇರಿಸಿಕೊಂಡಿದ್ದಾರೆ ಎಂದು ಯಾರೋ ಅಂದರು. ಅಕ್ಕ ಕೋಪದಿಂದ ನಮ್ಮವರನ್ನು ನೋಡಿದರು.

ಬಸವರಾಜ್ ಎದ್ದು ಪ್ಯಾಂಟಿನ ಧೂಳು ಕೊಡವಿದ. "ನಮ್ದೇನೂ ಇಲ್ಲ ಬಿಡ್ರಿ ಇದರಾಗೆ. ಸುಮ್ನೆ ಬಂದೆ. ಬರ್ತೀನಿ ಅತ್ತಿಗೆ, ಬಸ್ಸೈತೆ."

ಎಣಗಾಯಿ ಒಲೆಯ ಮೇಲೆಯೇ ಇತ್ತು. ಪುಸ್ತಕದಲ್ಲಿ ನಮ್ಮದು ಏನಾದರೂ ಇದ್ದಿದ್ದರೆ ಅವನು ನಿಂತು ಜಗಳವಾಡುತ್ತಿದ್ದ. ಏನೂ ಇಲ್ಲದ್ದರಿಂದ ಅವನಿಗೆ ಇಲ್ಲಿ ಕೆಲಸವೇ ಉಳಿದಿರಲಿಲ್ಲ. ನಮ್ಮವರು ಅಂಗಡಿಯ ಕಂಬ ಹಿಡಿದು ನಿಂತಿದ್ದರು.

ಆಗ ಬೆಂಚಿನಿಂದ ಜುಂಜಪ್ಪ ಕೇಳಿದ. ಅವನಿಗೆ ಆಮೆ ಬದುಕಿದ್ದು ಸಾಕಾಗಿರಲಿಲ್ಲ.

"ಅದೆಲ್ಲ ಇರ್ಲಿ ಹಾಲೇಶಣ್ಣ. ನೀನು ಹೇಳ್ತಿದ್ದ ಕತೆ ಏನಾತು? ಆ ಅಣ್ಣ ಕೊನೆಗೂ ತಮ್ಮಂಗೆ ಕಾದ್ನಾ ಇಲ್ವಾ? ಇವತ್ತಾದ್ರೂ ಹೇಳಿಬಿಡು."

ಬಸವರಾಜ್ ಗೇಟಿನ ಹತ್ತಿರ ನಿಂತ, ಈ ಕಡೆ ತಿರುಗಲಿಲ್ಲ. ನಮ್ಮವರ ಕೈಯಲ್ಲಿ ಪುಸ್ತಕ ಇರಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮನ ಬೆನ್ನು ನೋಡಿದರು.

"ಕಾಯಲಿಲ್ಲ" ಎಂದರು. "ಕಾಯಬೇಕಾಗಿತ್ತು. ಒಂದು ಸಲ ಹೇಳಿ ಸುಮ್ನಾಗಿಬಿಟ್ಟ. ಬಾಗಿಲಿಗೆ ಅಡ್ಡ ಮಲಗಿಬಿಟ್ಟಿದ್ರೆ ಯಾರು ದಾಟ್ತಿದ್ರು? ಮಲಗಲಿಲ್ಲ."

ಜುಂಜಪ್ಪನೂ ಇದು ಯಾವ ದೇಶ ಎಂದು ಕೇಳಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ಪುಸ್ತಕದ ರಟ್ಟು ನೋಡುತ್ತ ಕೂತರು.

ಬಸವರಾಜ್ ನಿಧಾನವಾಗಿ ತಿರುಗಿದ. ನಾನು ಬೈಗುಳಕ್ಕೆ ಕಾದೆ. ಅವನ ದನಿ ಬಹಳ ಸಣ್ಣಗಿತ್ತು.

"ಮುಖ ಹೆಂಗಿತ್ತಣ್ಣ?"

ದಿನಗಟ್ಟಲೆ ಇಂಗ್ಲೆಂಡನ್ನೇ ಕಟ್ಟಿದ ಮನುಷ್ಯ. ಶಾಂತವಾಗಿತ್ತು, ನಿದ್ದೆ ಮಾಡಿದಂಗಿತ್ತು, ನಿನ್ನ ಹೆಸರು ಕರೆದಂಗಿತ್ತು ಎಂದು ಏನು ಬೇಕಾದರೂ ಹೇಳಬಹುದಿತ್ತು. ಹಾಗೇ ಹೇಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ನಾನೂ ಸರಿಯಾಗಿ ನೋಡಲಿಲ್ಲ ಕಣೋ" ಎಂದರು. "ನೀನು ಬರ್ತೀಯೇನೋ ಅಂತ ರಸ್ತೆ ನೋಡ್ತಿದ್ದೆ. ಎತ್ತೋವರೆಗೂ ರಸ್ತೇನೇ ನೋಡ್ತಿದ್ದೆ. ತಿರುಗಿ ನೋಡೋದ್ರೊಳಗೆ ಬಟ್ಟೆ ಮುಚ್ಚಿದ್ರು."

ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಹೋದರು, ಚಪ್ಪಲಿ ಸದ್ದಾಗದಂತೆ. ಬಸವರಾಜ್ ವಾಪಸು ಬಂದು ಖಾಲಿ ಬೆಂಚಿನ ಒಂದು ತುದಿಗೆ ಕೂತ. ಇವರು ಇನ್ನೊಂದು ತುದಿಗೆ ಕೂತರು. ಇಬ್ಬರೂ ಅಳುತ್ತಿದ್ದರು, ಒಬ್ಬರನ್ನೊಬ್ಬರು ನೋಡದೆ, ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ.

ನಾನು ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ತೊಳೆದು ಒಲೆಗಿಟ್ಟೆ.